ದೇವರನ್ನು ನಂಬದವರು ಕುಡಿತ ಬಿಡೋದು ಹೇಗೆ?

ಮಲೆನಾಡ ಕಾಫಿ: ನಮ್ಮ ಭಾವ ಕುಡಿತ ಬಿಡಬೇಕು ಅಂತ ಈಗ ತಾವೇ ಹೇಳುತ್ತಿದ್ದಾರೆ. ಅತ್ತೆ ಧರ್ಮಸ್ಥಳದವರು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಸೇರಿಸಿ ಅನ್ನುತ್ತಾರೆ. ಅಕ್ಕ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರೇ ಸೇರಿ ನಡೆಸುವ ಗುಂಪು) ಮೀಟಿಂಗ್ ಅನ್ನುತ್ತಾಳೆ. ಭಾವ ಪಕ್ಕಾ ನಾಸ್ತಿಕರು. ಭಜನೆಯೂ ಬೇಡ, 'ನಮಗಿಂತ ದೊಡ್ಡ ಶಕ್ತಿ'ಯೂ ಬೇಡ ಅಂತ ಕೂತಿದ್ದಾರೆ. ದೇವರ ಗೊಡವೆ ಇಲ್ಲದ ದಾರಿ ಯಾವುದಾದರೂ ಇದೆಯಾ?

ತರ್ಕಬದ್ಧ: ಧಾರಾಳವಾಗಿ ಇದೆ. ಕುಡಿತ ಬಿಡಲು ಎಎ ಹೇಳುವ 12 ಹೆಜ್ಜೆಗಳಲ್ಲಿ ಆರರಲ್ಲಿ ದೇವರೋ 'ದೊಡ್ಡ ಶಕ್ತಿ'ಯೋ ಬಂದು ಕೂತಿದೆ. ಅದು ಒಗ್ಗದವರಿಗೆ ಅಂತಲೇ ಅಮೆರಿಕದಲ್ಲಿ 1994ರಲ್ಲಿ ಸ್ಮಾರ್ಟ್ ರಿಕವರಿ ಅನ್ನುವ ಸಂಸ್ಥೆ ಶುರುವಾಯಿತು. ಅಲ್ಲಿ ಪ್ರಾರ್ಥನೆ ಇಲ್ಲ. ಕುಡಿಯುವ ಆಸೆ ಯಾವಾಗ ಬರುತ್ತದೆ, ಬಂದಾಗ ಏನು ಮಾಡಬೇಕು ಅನ್ನುವುದನ್ನು ಕಲಿಸುತ್ತಾರೆ. ಮೀಟಿಂಗ್ ಆನ್‌ಲೈನಲ್ಲೂ ಇದೆ. ಪೆರೋಲ್ ಮೇಲಿದ್ದ ಬೌದ್ಧನೊಬ್ಬನನ್ನು ಬಲವಂತವಾಗಿ ಇಂಥ 12 ಹೆಜ್ಜೆಯ ಕಾರ್ಯಕ್ರಮಕ್ಕೆ ಕಳಿಸಿದ್ದು ತಪ್ಪು ಅಂತ 2007ರಲ್ಲಿ ಅಲ್ಲಿನ ಕೋರ್ಟೇ ಹೇಳಿದೆ.

ಪಡುಗಡಲು: ಕೋರ್ಟು ಕುಡಿತ ಬಿಡಿಸಲ್ಲ ಸ್ವಾಮಿ. 2020ರ ಕೊಕ್ರೇನ್ ವಿಮರ್ಶೆ ಓದಿ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ ಅದು. 27 ಅಧ್ಯಯನ, 10 ಸಾವಿರಕ್ಕೂ ಜಾಸ್ತಿ ಜನ. ಒಂದು ವರ್ಷ ಆದ ಮೇಲೂ ಪೂರ್ತಿ ಬಿಟ್ಟವರು ಎಎ ಕಡೆ 42%, ನಿಮ್ಮ ತರ್ಕದ ಚಿಕಿತ್ಸೆಗಳ ಕಡೆ 35%.

ತರ್ಕಬದ್ಧ: 'ಪೂರ್ತಿ' ಅನ್ನುವ ಪದ ಹಾಕಿದ್ದೀರಲ್ಲ, ಜಾಣರು. ಎಷ್ಟು ಕುಡಿದರು, ಎಷ್ಟು ದಿನ ಕುಡಿಯದೆ ಇದ್ದರು ಅಂತ ಅಳೆದಾಗ ಒಂದು ವರ್ಷದ ಹೊತ್ತಿಗೆ ಎರಡೂ ಸರಿಸಮ ಅಂತ ಅದೇ ವಿಮರ್ಶೆಯಲ್ಲಿದೆ. ಆ ಸಾಲು ನಿಮಗೆ ಕಾಣಲಿಲ್ವಾ? ದೂರ ಯಾಕೆ, ಪಕ್ಕದ ಗೋವಾದಲ್ಲೇ ಡಾಕ್ಟರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು ಆಪ್ತಸಲಹೆ ಮಾಡಿಸಿದರು. ಮೂರು ತಿಂಗಳಲ್ಲಿ 36% ಜನ ಅಪಾಯದ ಮಟ್ಟದಿಂದ ಕೆಳಗಿಳಿದರು. ಬರೀ ಮಾಮೂಲಿ ಆರೈಕೆ ಸಿಕ್ಕವರಲ್ಲಿ 26%. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು, ಯಾವ ದೇವರೂ ಇರಲಿಲ್ಲ.

ಪಡುಗಡಲು: ಆ ಗೋವಾ ಅಧ್ಯಯನದಲ್ಲಿ ಕುಡಿತಕ್ಕೆ ತೀರಾ ದಾಸರಾದವರನ್ನು ಸೇರಿಸಿಕೊಂಡೇ ಇರಲಿಲ್ಲ! ಹಗುರ ಕೇಸು ತೋರಿಸಿ ಗೆದ್ದೆ ಅಂದರೆ ಹೇಗೆ?

ವಾರ್ಡ್ ಸಿಸ್ಟರ್: ಇಬ್ಬರೂ ಸ್ವಲ್ಪ ನಿಲ್ಲಿಸಿ. ಭಾವ ದಿನಾ ಬೆಳಿಗ್ಗೆಯಿಂದಲೇ ಕುಡಿಯುವವರಾ? ಹಾಗಿದ್ದರೆ ಮನೆಯಲ್ಲಿ ಸುಮ್ನೆ ಒಂದೇ ಸಲಕ್ಕೆ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಬಡಬಡಿಸಬಹುದು, ಜೀವಕ್ಕೇ ಅಪಾಯ. ಮೊದಲು ಆಸ್ಪತ್ರೆ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಸರ್ಕಾರದ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೂ ಹತ್ತಿರ ಎಲ್ಲಿ ಹೋಗಬೇಕು ಅಂತ ಹೇಳುತ್ತಾರೆ. ಆಮೇಲೆ ಕುಡಿಯುವ ಆಸೆ ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆಗಳಿವೆ. ಅವಕ್ಕೆ ನಂಬಿಕೆ ಬೇಕಾಗಿಲ್ಲ.

ಹಾಸನದ ಅಕ್ಕ: ಮಾತ್ರೆ ಅಂದ್ರಲ್ಲ, ಅದೇ ಸರಿ. ನಮ್ಮ ಯಜಮಾನರಿಗೆ ಡೈಸಲ್ಫಿರಾಮ್ ಪುಡಿ ಮಾಡಿ ಸಾರಿನಲ್ಲಿ ಬೆರೆಸುತ್ತಿದ್ದೆ. ಕುಡಿದರೆ ವಾಂತಿ, ಮುಖ ಕೆಂಪು. ಕುಡಿತ ಮೈಗೆ ಆಗ್ತಿಲ್ಲ ಅಂತ ತಾವೇ ಬಿಟ್ಟರು. ಶಿಬಿರಾನೂ ಇಲ್ಲ, ಮೀಟಿಂಗೂ ಇಲ್ಲ.

ವಾರ್ಡ್ ಸಿಸ್ಟರ್: ಅಯ್ಯೋ ಅಕ್ಕಾ, ಇದನ್ನು ಓದಿ ಇನ್ನೊಬ್ಬರು ಮಾಡಿದರೆ? ಮಾತ್ರೆ ಒಳಗಿರುವುದು ಗೊತ್ತಿಲ್ಲದೆ ಜಾಸ್ತಿ ಕುಡಿದರೆ ಬಿಪಿ ಬಿದ್ದು ಹೃದಯವೇ ನಿಲ್ಲಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರುತ್ತದೆ. ಲಿವರ್, ಹೃದಯ ಪರೀಕ್ಷಿಸಿ, ಅವರ ಒಪ್ಪಿಗೆ ಪಡೆದೇ ಕೊಡುವ ಮದ್ದು ಅದು.

ಹಾಸನದ ಅಕ್ಕ: ಒಪ್ಪಿಗೆ! ಕುಡಿದು ಬಂದು ನನ್ನ ಕೈ ಮುರಿದಾಗ ನನ್ನ ಒಪ್ಪಿಗೆ ಯಾರು ಕೇಳಿದ್ದರು ಸಿಸ್ಟರ್?

ಪಡುಗಡಲು: ನೋಡಿ, ದೇವರನ್ನು ಬಿಟ್ಟ ದಾರಿ ಕೊನೆಗೆ ಗಂಡನಿಗೆ ಮೋಸ ಮಾಡುವಲ್ಲಿಗೆ ಬಂತು. ಶಿಬಿರದಲ್ಲಾದರೆ ಮನುಷ್ಯ ಎಲ್ಲರ ಎದುರು ತಾನೇ ಪ್ರಮಾಣ ಮಾಡುತ್ತಾನೆ.

ತರ್ಕಬದ್ಧ: ಅಕ್ಕ ನಾಸ್ತಿಕರು ಅಂತ ಯಾರು ಹೇಳಿದರು? ಕದ್ದು ಮದ್ದು ಹಾಕುವವರು ದೇವರ ಪ್ರಸಾದದಲ್ಲೂ ಹಾಕುತ್ತಾರೆ. ಅದು ಸೆಕ್ಯುಲರ್ ಅಲ್ಲ, ಕಾನೂನಿಗೇ ವಿರುದ್ಧ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತದ ಚಟವೂ ಬರುತ್ತದೆ, ಸಾಮಾನ್ಯವಾಗಿ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವ ಹಾಗಿಲ್ಲ.

ಹಾಸನದ ಅಕ್ಕ: ಪ್ರಸಾದದ ಮಾತು ಯಾಕೆ ತಂದಿರಿ? ಶನಿವಾರ ಆಂಜನೇಯನ ಗುಡಿಗೆ ಹೋಗುವವಳು ನಾನು. ಕಾಯ್ದೆ ಓದುವವರು ಒಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಿ ನೋಡಬೇಕಿತ್ತು. ಸರ್ಕಾರಕ್ಕೆ ಅಬಕಾರಿ ದುಡ್ಡು ಬೇಕು, ನಿಮಗೆ ಒಪ್ಪಿಗೆ ಪತ್ರ ಬೇಕು, ಏಟು ತಿನ್ನುವುದು ಮಾತ್ರ ನಾವು.

ವಾರ್ಡ್ ಸಿಸ್ಟರ್: ನಿಮ್ಮ ನೋವು ಸುಳ್ಳು ಅಂದೆನಾ? ಅವರು ಸತ್ತಿದ್ದರೆ ಸಾರು ಬಡಿಸಿದ ನಿಮ್ಮನ್ನೇ ಪೊಲೀಸರು ಕರೆದೊಯ್ಯುತ್ತಿದ್ದರು. ಹೊಡೆತಕ್ಕೆ ಬೇರೆ ದಾರಿ ಇದೆ, ವಿಷದ ಆಟ ಬೇಡ.

ಹಾಸನದ ಅಕ್ಕ: 'ವಿಷ' ಅಂತೆ. ಆ ಮಾತ್ರೆ ಬರೆದುಕೊಟ್ಟಿದ್ದೇ ಒಬ್ಬ ಡಾಕ್ಟರು!

ಗಣಪಣ್ಣ: ನಾನು ಎಎಯಲ್ಲೇ ಇದ್ದೇನೆ, ಗುಡಿಗೆ ಹೋಗುವವನಲ್ಲ. ನನಗೆ ಆ ದೊಡ್ಡ ಶಕ್ತಿ ಅಂದರೆ ಸುತ್ತ ಕೂತ ಹತ್ತು ಜನ, ಅಷ್ಟೇ. ಯಾರೂ ದೇವರನ್ನು ಒಪ್ಪಿಕೋ ಅಂತ ಕತ್ತು ಹಿಡಿದಿಲ್ಲ.

ತರ್ಕಬದ್ಧ: ಅಷ್ಟೇನಾ? ಕೆನಡಾದ ಟೊರಾಂಟೊದಲ್ಲಿ ದೇವರ ಹೆಸರು ತೆಗೆದು ಹೆಜ್ಜೆ ಬರೆದುಕೊಂಡ ಗುಂಪುಗಳನ್ನು 2011ರಲ್ಲಿ ಎಎ ಪಟ್ಟಿಯಿಂದಲೇ ಕಿತ್ತು ಹಾಕಿದರು.

ಗಣಪಣ್ಣ: 2017ರಲ್ಲಿ ವಾಪಸ್ ಸೇರಿಸಿದರಲ್ಲ, ಅದನ್ನು ನುಂಗಿಬಿಟ್ಟಿರಿ.

ತರ್ಕಬದ್ಧ: ಆರು ವರ್ಷ ಹೊರಗಿಟ್ಟರಲ್ಲ, ಅದನ್ನು ನೀವು ನುಂಗಿದಿರಿ.

ಮಲೆನಾಡ ಕಾಫಿ: ಭಾವ ಇದನ್ನೆಲ್ಲ ಓದಿದರು. ಸೋಮವಾರ ಆಸ್ಪತ್ರೆಗೆ ಹೋಗೋಣ ಅಂದಿದ್ದಾರೆ. ಮೀಟಿಂಗ್ ಮಾತ್ರ ಯಾವುದೂ ಬೇಡವಂತೆ. ಆಮೇಲೆ ನಮ್ಮ ಅಕ್ಕನನ್ನು ಕರೆದು, ಇನ್ನು ಸಾರು ನಾನೇ ಮಾಡುತ್ತೇನೆ ಅಂದರು.

ಪಡುಗಡಲು: ಮೀಟಿಂಗ್ ಬೇಡ ಅಂದವರು ಮತ್ತೆ ಬಾರಲ್ಲೇ ಸಿಗುತ್ತಾರೆ, ಬರೆದಿಟ್ಟುಕೊಳ್ಳಿ.

ತರ್ಕಬದ್ಧ: ಇದಕ್ಕೆ ಯಾವ ವಿಮರ್ಶೆ? ಎಷ್ಟು ಅಧ್ಯಯನ?

ಪಡುಗಡಲು: ಭಜನೆಗೆ ಬನ್ನಿ, ಹೇಳುತ್ತೇನೆ.