ದೀರ್ಘ ಪ್ರವಾಸದ ಕೊನೆಯಲ್ಲಿ ಜೊತೆಗಾರರಿಂದ ಬೇರೆಯಾಗುವುದು: ಅನುಭವ ಹಂಚಿಕೆ

ಪ್ರಶ್ನೆ

ಗೆಳತಿಯೊಬ್ಬಳ ಜೊತೆ ಸುಮಾರು ಹನ್ನೆರಡು ವಾರಗಳಿಂದ ಯುರೋಪಿನಲ್ಲಿ ಸುತ್ತಾಡುತ್ತಿದ್ದೇನೆ. ಷೆಂಗೆನ್ ವೀಸಾದ 90 ದಿನಗಳು ಮುಗಿಯುವ ಮೊದಲು ನಾನು ಮ್ಯಾಡ್ರಿಡ್‌ನಿಂದ ಮನೆಗೆ ಮರಳಬೇಕು. ಆಕೆ ದಕ್ಷಿಣಕ್ಕೆ ಹೋಗಿ, ತಾರೀಫಾದಿಂದ ಹಡಗಿನಲ್ಲಿ ಮೊರಾಕೊದ ಟ್ಯಾಂಜಿಯರ್‌ಗೆ ದಾಟಲಿದ್ದಾಳೆ. ಜಗಳವೇನೂ ಆಗಿಲ್ಲ, ಆದರೆ ಈಚೆಗೆ ಇಬ್ಬರೂ ಅಳೆದು ತೂಗಿ ಮಾತನಾಡುತ್ತಿದ್ದೇವೆ. ಇನ್ನು ಉಳಿದಿರುವುದು ಐದು ದಿನ. ಸ್ನೇಹ ಕೆಡದಂತೆ ಬೀಳ್ಕೊಡುವುದು ಹೇಗೆ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಮಾತಿನ ವಿಚಾರ ಆಮೇಲಿರಲಿ, ಮೊದಲು ಗಂಟುಮೂಟೆಯನ್ನು ಬೇರೆ ಮಾಡಿಕೊಳ್ಳಿ. ಹನ್ನೆರಡು ವಾರ ಒಟ್ಟಿಗಿದ್ದಾಗ ಯಾವುದು ಯಾರ ಜವಾಬ್ದಾರಿ ಎಂಬುದು ನಮಗೇ ತಿಳಿಯದಂತೆ ಹಂಚಿಹೋಗಿರುತ್ತದೆ; ಒಬ್ಬರು ದಾರಿ ಹುಡುಕುತ್ತಾರೆ, ಇನ್ನೊಬ್ಬರು ಟಿಕೆಟ್ ನೋಡಿಕೊಳ್ಳುತ್ತಾರೆ, ಔಷಧಿಗಳೆಲ್ಲ ಒಂದೇ ಚೀಲದಲ್ಲಿರುತ್ತವೆ.

ನನ್ನದೇ ಉದಾಹರಣೆ ಹೇಳುತ್ತೇನೆ. ಹನೋಯ್ ನಿಲ್ದಾಣದಲ್ಲಿ ಗೆಳೆಯನನ್ನು ಲಾವೊಕಾಯ್ ಕಡೆಗೆ ಹೋಗುವ ರಾತ್ರಿ ರೈಲಿಗೆ ಹತ್ತಿಸಿ, ಕೈಬೀಸಿ, ಸ್ವಲ್ಪ ಕಣ್ಣೊರೆಸಿಕೊಂಡು ಹೊರಗೆ ಬಂದ ಮೇಲೆ, ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ ನೋಡಲೆಂದು ಮೊಬೈಲ್ ತೆಗೆದೆ. ಇಂಟರ್‌ನೆಟ್ ಇರಲಿಲ್ಲ. ಪ್ರವಾಸದುದ್ದಕ್ಕೂ ಅವನ ಹಾಟ್‌ಸ್ಪಾಟ್‌ನಲ್ಲೇ ನಡೆದಿತ್ತು. ಸಿಮ್ ಇದ್ದದ್ದು ಅವನ ಬಳಿ ಮಾತ್ರ. ನನ್ನ ಮರುಪ್ರಯಾಣದ ಟಿಕೆಟ್ ಕೂಡ ಅವನ ಇಮೇಲ್‌ಗೇ ಬಂದಿತ್ತು. ಕೊನೆಗೆ ನಾವು ಬೆಳಿಗ್ಗೆ ಖಾಲಿ ಮಾಡಿದ್ದ ಹೋಟೆಲಿನವರೆಗೆ ಚೀಲ ಹೊತ್ತು ನಡೆದು, ಅದರ ಬಾಗಿಲ ಹೊರಗೆ ನಿಂತು ಹಳೆಯ ವೈಫೈ ಹಿಡಿದು, ರೈಲಿನಲ್ಲಿದ್ದವನಿಗೆ ಸಂದೇಶ ಕಳುಹಿಸಿದೆ. ಅವನಿಗೆ ಸಿಗ್ನಲ್ ಬರುವವರೆಗೆ ಕಾದ ಇಪ್ಪತ್ತು ನಿಮಿಷಗಳಲ್ಲಿ, ಅಷ್ಟು ಪ್ರೀತಿಯಿಂದ ಬೀಳ್ಕೊಟ್ಟವನ ಮೇಲೆ ನನಗೆ ವಿನಾಕಾರಣ ಸಿಟ್ಟು ಬಂದಿತ್ತು.

ಆದ್ದರಿಂದ ಉಳಿದಿರುವ ಐದು ದಿನಗಳಲ್ಲಿ ಒಂದು ಸಂಜೆಯನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಟಿಕೆಟ್ ಮತ್ತು ವಿಮೆಯ ಪ್ರತಿಗಳು ನಿಮ್ಮ ಮೊಬೈಲಿನಲ್ಲೇ ಇರಲಿ. ಹೋಗಿಬರುವ ವಿಮಾನ ಟಿಕೆಟ್ಟನ್ನು ಇಬ್ಬರಿಗೂ ಸೇರಿಸಿ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿದ್ದರೆ, ಆಕೆ ತನ್ನ ಮರುಪ್ರಯಾಣವನ್ನು ಬದಲಿಸುವ ಮುನ್ನ ವಿಮಾನ ಸಂಸ್ಥೆಗೆ ಹೇಳಿ ಪಿಎನ್‌ಆರ್ ಬೇರ್ಪಡಿಸಿಕೊಳ್ಳಿ. ಇಲ್ಲವಾದರೆ ಒಬ್ಬರ ಬದಲಾವಣೆ ಇನ್ನೊಬ್ಬರ ಟಿಕೆಟ್ಟಿಗೂ ತಗಲಬಹುದು. 90 ದಿನಗಳ ಲೆಕ್ಕದಲ್ಲಿ ಒಳಬಂದ ದಿನವೂ ಹೊರಡುವ ದಿನವೂ ಸೇರುತ್ತವೆ, ಬೆರಳು ಮಡಿಸಿ ಮತ್ತೊಮ್ಮೆ ಎಣಿಸಿ. ಪವರ್ ಬ್ಯಾಂಕ್ ನಿಮ್ಮ ಪಾಲಿಗೆ ಬಂದರೆ ಅದು ಕೈಚೀಲದಲ್ಲಿರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ.

ಹಣದ ಲೆಕ್ಕವನ್ನೂ ಅಂದೇ ಮುಗಿಸಿ. ಯಾವ ದಿನದ ವಿನಿಮಯ ದರವೆಂಬ ಚರ್ಚೆಗೆ ಕೊನೆಯಿಲ್ಲ. ಕಾರ್ಡಿನಿಂದ ನಿಜವಾಗಿ ಕಡಿತವಾದ ಮೊತ್ತವನ್ನೇ ಇಬ್ಬರೂ ಒಪ್ಪಿಕೊಂಡರೆ ಮಾತು ಬೆಳೆಯುವುದಿಲ್ಲ. ಚಿಲ್ಲರೆ ಸಾಲಗಳನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ. ಕೈಬಿಟ್ಟದ್ದು ನಮಗೆ ನೆನಪಿರುತ್ತದೆ, ಅವರಿಗೆ ಗೊತ್ತೇ ಇರುವುದಿಲ್ಲ.

ಇಷ್ಟೆಲ್ಲ ಮುಗಿದ ಮೇಲೆ, ಹೊರಡುವ ಹಿಂದಿನ ರಾತ್ರಿ ಮನಸ್ಸಿನಲ್ಲಿರುವುದನ್ನು ಬಿಚ್ಚಿ ಮಾತನಾಡಿ.

ಎರಡನೆಯ ಉತ್ತರ

ಮೇಲಿನವರ ಕೊನೆಯ ಸಾಲನ್ನು ಬಿಟ್ಟು ಉಳಿದೆಲ್ಲವನ್ನೂ ಒಪ್ಪುತ್ತೇನೆ. ನಾನು ಹಿಂದಿನ ರಾತ್ರಿ ಮನಸ್ಸು ಬಿಚ್ಚಿ ಮಾತನಾಡಿ ಕೆಟ್ಟವಳು.

ನಾವಿಬ್ಬರು ಒಂಬತ್ತು ವಾರ ಒಂದೇ ಕೋಣೆಯಲ್ಲಿ ಇದ್ದೆವು. ಪ್ರತಿದಿನವೂ ಆಕೆ ತಡವಾಗಿ ಏಳುತ್ತಿದ್ದಳು, ನಾನು ಸಿದ್ಧಳಾಗಿ ಬಾಗಿಲ ಬಳಿ ಕುಳಿತಿರುತ್ತಿದ್ದೆ. ಕೊನೆಯ ರಾತ್ರಿ ‘ಬೇಸರ ಮಾಡಿಕೊಳ್ಳಬೇಡ’ ಎಂದು ಆರಂಭಿಸಿ ಅದನ್ನು ಹೇಳಿದೆ. ಆಕೆ ತುಸು ಹೊತ್ತು ಸುಮ್ಮನಿದ್ದು, ‘ನೀನು ಹಾಗೆ ಶೂ ಹಾಕಿಕೊಂಡು ಕುಳಿತಿರುವುದನ್ನು ಕಂಡೇ ನನಗೆ ಎದ್ದೇಳಲು ಮನಸ್ಸಾಗುತ್ತಿರಲಿಲ್ಲ’ ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ತಿದ್ದಿಕೊಳ್ಳಲು ಇಬ್ಬರಿಗೂ ಮತ್ತೊಂದು ಬೆಳಗು ಉಳಿದಿರಲಿಲ್ಲ. ದೂರನ್ನು ಪ್ರವಾಸದ ನಡುವೆ ಹೇಳಿದರೆ ಸಲಹೆಯಾಗುತ್ತದೆ, ಕೊನೆಯ ರಾತ್ರಿ ಹೇಳಿದರೆ ತೀರ್ಪಾಗುತ್ತದೆ. ನೀವು ಈಗ ಅಳೆದು ತೂಗಿ ಮಾತನಾಡುತ್ತಿರುವುದು ಸಹ ಮುನಿಸೇ ಆಗಿರಬೇಕೆಂದಿಲ್ಲ. ದಣಿದವರು ಕಡಿಮೆ ಮಾತನಾಡುತ್ತಾರೆ, ಅಗಲುವವರು ಮೊದಲೇ ಸ್ವಲ್ಪ ದೂರ ಸರಿದು ಅಭ್ಯಾಸ ಮಾಡಿಕೊಳ್ಳುತ್ತಾರೆ.

ಬದಲಿಗೆ, ಉಳಿದ ದಿನಗಳಲ್ಲಿ ಒಂದು ಇಡೀ ದಿನ ಬೇರೆ ಬೇರೆಯಾಗಿ ತಿರುಗಿ ಸಂಜೆ ಭೇಟಿಯಾಗಿ. ಇಬ್ಬರಿಗೂ ಇನ್ನೊಬ್ಬರು ಕಾಣದ ಏನನ್ನಾದರೂ ಹೇಳುವುದಕ್ಕಿರುತ್ತದೆ, ಮಾತು ತಾನಾಗಿಯೇ ಬರುತ್ತದೆ. ಕೃತಜ್ಞತೆಯನ್ನು ಮಾತ್ರ ಬಾಕಿ ಇಡಬೇಡಿ. ‘ಎಲ್ಲದಕ್ಕೂ ಥ್ಯಾಂಕ್ಸ್’ ಎನ್ನದೆ, ಜ್ವರ ಬಂದ ರಾತ್ರಿ ಎದ್ದು ನೀರು ಕೊಟ್ಟದ್ದನ್ನೋ ತಪ್ಪಿಹೋದ ಬಸ್ಸಿನ ದಿನ ನಗಿಸಿದ್ದನ್ನೋ ಹೆಸರಿಸಿ ಹೇಳಿ.

ಮೂರನೆಯ ಉತ್ತರ

ಮರಳಿದ ನಂತರದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ನೀವು ಮನೆ ಸೇರಿ ನಿದ್ರೆ ಸರಿಮಾಡಿಕೊಳ್ಳುವ ಹೊತ್ತಿನಲ್ಲಿ ಆಕೆ ಹೊಸ ಊರಿನಲ್ಲಿ ಒಬ್ಬಳೇ ದಾರಿ ಹುಡುಕುತ್ತಿರುತ್ತಾಳೆ, ಆದ್ದರಿಂದ ಕೆಲವು ದಿನ ಸಂದೇಶ ಬಾರದಿದ್ದರೆ ಅದಕ್ಕೆ ಅರ್ಥ ಹಚ್ಚಬೇಡಿ. ಲೊಕೇಶನ್ ಹಂಚಿಕೆಯನ್ನು ಇಟ್ಟುಕೊಳ್ಳುವುದೋ ತೆಗೆಯುವುದೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ನಾನು ಕೇಳದೆ ತೆಗೆದದ್ದು ಗೆಳೆಯನಿಗೆ ನೋವಾಗಿತ್ತು. ಮೆಸೇಜಿಂಗ್ ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಫೋಟೊಗಳ ಗುಣಮಟ್ಟ ಕುಗ್ಗುತ್ತದೆ, ಮೂಲ ಪ್ರತಿಗಳನ್ನು ಒಟ್ಟಿಗಿರುವಾಗಲೇ ನಕಲು ಮಾಡಿಕೊಳ್ಳಿ.

ಬಾಡಿಗೆ ಕಾರಿಗೋ ಕೋಣೆಗೋ ಕಟ್ಟಿದ ಠೇವಣಿಯಿದ್ದರೆ ಅದು ಯಾರ ಕಾರ್ಡಿಗೆ ಮರಳುತ್ತದೆ ಎಂದು ಬರೆದಿಟ್ಟುಕೊಳ್ಳಿ. ನಮ್ಮದು ನಾವು ಅಗಲಿದ ಮೂರು ವಾರಗಳ ಮೇಲೆ ಬಂತು. ಅರ್ಧ ಮೊತ್ತವನ್ನು ಕಳುಹಿಸಿ ಒಂದು ಸಾಲು ಬರೆದೆ. ಅವನು ನನ್ನ ಕಾಲುಚೀಲವೊಂದು ತನ್ನ ಬ್ಯಾಗಿನಲ್ಲಿ ಉಳಿದಿರುವ ಫೋಟೊ ಕಳುಹಿಸಿದ. ಅದಾದ ಮೇಲೆ ನಾವು ಒಂದು ಗಂಟೆ ಫೋನಿನಲ್ಲಿ ಮಾತನಾಡಿದೆವು.