ತಳಿಗಿಂತ ಮೊದಲು ಮನೆಯ ದಿನಚರಿ

(ದಂಪತಿ ಇಬ್ಬರೂ ಉದ್ಯೋಗಸ್ಥರು, ಹಗಲು ಮನೆಯಲ್ಲಿರುವವರು ಮಂಡಿನೋವಿರುವ ಅತ್ತೆಯೊಬ್ಬರೇ. ಎಂಟು ವರ್ಷದ ಮಗ ಹಸ್ಕಿ ನಾಯಿಯೇ ಬೇಕೆಂದು ಹಟ ಹಿಡಿದಿದ್ದಾನೆ. ಮೂರನೇ ಮಹಡಿಯ ಫ್ಲ್ಯಾಟಿಗೆ ಯಾವ ನಾಯಿ ಹೊಂದೀತು ಎಂದು ಕೇಳಿದ್ದ ಓದುಗರಿಗೆ ಬಂದ ಉತ್ತರಗಳು.)

ಮಾನ್ಯರೇ, ನಿಮ್ಮ ಪತ್ರದಲ್ಲಿ ಮಗನ ಹಟಕ್ಕಿಂತ ಅತ್ತೆಯವರ ಮಂಡಿನೋವೇ ನನಗೆ ಮುಖ್ಯವಾಗಿ ಕಂಡಿತು. ಹಗಲೆಲ್ಲ ನಾಯಿಯ ಜೊತೆಗಿರುವವರು ಅವರೇ ಆದ್ದರಿಂದ, ಬೆಲ್ಟು ಹಿಡಿದವರನ್ನು ಮೆಟ್ಟಿಲ ಬಳಿ ಎಳೆದು ಬೀಳಿಸದಂಥ ನಾಯಿ ನಿಮಗೆ ಬೇಕು. ಹಸ್ಕಿ ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯಲೆಂದೇ ಬೆಳೆಸಿದ ತಳಿ. ಎಳೆಯುವುದು ಅದಕ್ಕೆ ರಕ್ತಗತವಾದ ಕಸುಬು. ಸಾಕಷ್ಟು ಓಟ ಸಿಗದಿದ್ದರೆ ಅದು ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ, ದಿಂಬು ಹರಿದು ಹತ್ತಿಯನ್ನು ಮನೆತುಂಬ ಹರಡುತ್ತದೆ. ಗಾತ್ರ ಚಿಕ್ಕದೆಂದು ಬೀಗಲ್ ತರುವುದೂ ಬೇಡ. ಗುಂಪಿನಲ್ಲಿ ಮೊಲದ ವಾಸನೆ ಹಿಡಿದು ಬೇಟೆಯಾಡುತ್ತಿದ್ದ ಆ ತಳಿಗೆ ಒಂಟಿತನ ಒಗ್ಗುವುದಿಲ್ಲ, ಅದರ ಕೂಗು ಗೋಡೆಯಾಚೆಗೂ ಕೇಳುತ್ತದೆ.
– ಒಬ್ಬ ಓದುಗರು

ಪಶುವೈದ್ಯೆಯಾಗಿ ಒಂದೆರಡು ಮಾತು. ಫ್ಲ್ಯಾಟಿಗೆ ಪಗ್ ಸರಿ ಎಂದು ಹಲವರು ಹೇಳಿಯಾರು. ನಾಯಿಗಳು ಮೈಯ ಬಿಸಿಯನ್ನು ಮುಖ್ಯವಾಗಿ ಏದುಸಿರಿನ ಮೂಲಕ ಹೊರಹಾಕುತ್ತವೆ. ಆದರೆ ಪಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಅದೇ ಕಷ್ಟವಾದ್ದರಿಂದ ಅವುಗಳಿಗೆ ಸೆಕೆ ಅಪಾಯಕಾರಿ. ಉದ್ದ ಬೆನ್ನಿನ ಡ್ಯಾಶ್‌ಹಂಡ್‌ಗೆ ಬೆನ್ನುಮೂಳೆಯ ಡಿಸ್ಕ್ ತೊಂದರೆ ಹೆಚ್ಚು. ಮೂರು ಮಹಡಿ ಹತ್ತಿಳಿಯುವ ಮನೆಗೆ ಅದು ತಕ್ಕದ್ದಲ್ಲ. ಲ್ಯಾಬ್ರಡಾರ್ ಮಕ್ಕಳೊಡನೆ ಸಾಮಾನ್ಯವಾಗಿ ಚೆನ್ನಾಗಿ ಬೆರೆಯುತ್ತದೆ. ಆದರೆ ಆ ತಳಿಯ ಅನೇಕ ನಾಯಿಗಳಲ್ಲಿ ಹಸಿವನ್ನು ಹೆಚ್ಚಿಸುವ ಜೀನ್ ಮಾರ್ಪಾಡು ಇರುವುದು 2016ರಲ್ಲಿ ಪತ್ತೆಯಾಗಿದೆ. ಅತ್ತೆಯವರು ಕರುಣೆಯಿಂದ ಹಾಕುವ ಪ್ರತಿ ತುತ್ತೂ ಅದರ ತೂಕಕ್ಕೆ ಸೇರುತ್ತದೆ, ಆ ಭಾರ ಸೊಂಟದ ಕೀಲುಗಳ ಮೇಲೆ ಬೀಳುತ್ತದೆ.
– ಒಬ್ಬ ಪಶುವೈದ್ಯೆ

ಮರಿಯನ್ನೇ ತರಬೇಕೆಂದಿದೆಯೇ? ಎರಡು ತಿಂಗಳ ಮರಿ ಕೆಲವೇ ತಾಸಿಗೊಮ್ಮೆ ಮೂತ್ರ ಮಾಡುತ್ತದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಅದರ ಹಿಂದೆ ಬಗ್ಗಿ ಏಳುವ ಕೆಲಸ ಹಿರಿಯರ ಪಾಲಾಗುವುದು ನ್ಯಾಯವಲ್ಲ. ಸ್ವಭಾವ ಈಗಾಗಲೇ ತಿಳಿದಿರುವ, ನಾಲ್ಕೈದು ವರ್ಷದ ಶಾಂತ ನಾಯಿಯನ್ನು, ಅದು ಮಿಶ್ರ ತಳಿಯದಾದರೂ ಸರಿಯೇ, ಆಶ್ರಯಧಾಮದಿಂದ ದತ್ತು ತೆಗೆದುಕೊಳ್ಳಿ. ಸಾವಿರಾರು ನಾಯಿಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು, ಒಂದು ನಾಯಿಯಿಂದ ಇನ್ನೊಂದಕ್ಕೆ ಕಾಣುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ 9ರಷ್ಟು ಮಾತ್ರ ಎಂದು 2022ರಲ್ಲಿ ವರದಿ ಮಾಡಿದ್ದಾರೆ. ಆದ್ದರಿಂದ ತಳಿಯ ಹೆಸರನ್ನಷ್ಟೇ ನಂಬದೆ ಅತ್ತೆಯವರನ್ನೂ ಮಗನನ್ನೂ ಕರೆದುಕೊಂಡು ಹೋಗಿ, ಬೆಲ್ಟನ್ನು ಅತ್ತೆಯವರ ಕೈಗೇ ಕೊಟ್ಟು ಹತ್ತು ಹೆಜ್ಜೆ ನಡೆಸಿ ನೋಡಿ. ಮಗ ಪಕ್ಕದಲ್ಲಿ ಓಡಿದಾಗಲೂ ಆ ನಾಯಿ ಬೆಲ್ಟನ್ನು ಜಗ್ಗದಿದ್ದರೆ, ಮತ್ತೊಂದು ದಿನ ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಹೋಗಿ ನೋಡಿ, ಆಮೇಲೆ ನಿರ್ಧರಿಸಿ.
– ಇನ್ನೊಬ್ಬ ಓದುಗರು