ಪದಚರ್ಚೆ: ಮಂಕು ಅನ್ನದೆ ಮಂಕು ಹಸಿರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೆಯ ಮಲಗುವ ಕೋಣೆಯೊಂದಕ್ಕೆ ಹಸಿರು ಬಣ್ಣ ಮಾಡಿಸುವ ಕೆಲಸ ನಡೀತಿದೆ. ಮನೆ ತೀರ್ಥಹಳ್ಳಿ ಹತ್ತಿರ, ಕಿಟಕಿ ತೆಗೆದರೆ ಅಡಿಕೆ ತೋಟ. ಕೋಣೆ ಮಗಳದ್ದು, ಆಯ್ಕೆಯೂ ಅವಳದ್ದೇ. ಮೂರು ಗೋಡೆಗೆ ಒಂದು ಹಸಿರು, ಮಂಚದ ತಲೆಭಾಗದ ಗೋಡೆಗೆ ಗಾಢವಾದ ಇನ್ನೊಂದು, ಪರದೆಗೆ ಬೇರೆ, ಹೊದಿಕೆಗೆ ಬೇರೆ. ಎಲ್ಲ ಹಸಿರೇ, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಬಣ್ಣ ಹೊಂದುತ್ತೋ ಇಲ್ಲವೋ ಅನ್ನೋದನ್ನು ಅವಳು, ಪೇಂಟರ್ ಸೇರಿ ನೋಡಿಕೊಳ್ಳುತ್ತಾರೆ. ನನ್ನ ತಲೆನೋವು ಬೇರೆ. ಈ ಹಸಿರುಗಳಿಗೆ ಕನ್ನಡದಲ್ಲಿ ಏನು ಹೆಸರು? ಅದರಲ್ಲೂ ಒಂಚೂರು ಬೂದಿ ಬೆರೆತ ಹಾಗಿರುವ, ಕಣ್ಣಿಗೆ ಹೊಡೆಯದ, ಈಗ ಎಲ್ಲರಿಗೂ ಬೇಕಾಗಿರುವ ಆ ಹಸಿರಿಗೆ?

ಶೇಡ್ ಕಾರ್ಡ್ ಬಿಚ್ಚಿದಾಗ ಮಗಳು ಬೆರಳಿಟ್ಟಿದ್ದು ಅದರ ಮೇಲೇ. ಅವಳ ಬಾಯಲ್ಲಿ ಅದು ಸೇಜ್ ಗ್ರೀನ್. ಪೇಂಟರ್ ಬಾಯಲ್ಲಿ ಡಲ್ ಗ್ರೀನ್. ನಮ್ಮಮ್ಮ ಕಾರ್ಡನ್ನು ಕಿಟಕಿ ಹತ್ತಿರ ಹಿಡಿದು ನೋಡಿ, "ಇದೆಂಥದು ಮಾರಾಯ್ತಿ, ಹೊಸ ಗೋಡೆಗೆ ಮಾಸಿದ ಬಣ್ಣ ಹೊಡೆಸ್ತೀಯಾ?" ಅಂದರು. ಮಗಳಿಗೆ ಸಿಟ್ಟು ಬಂತು, ನನಗೆ ಈ ಪತ್ರಕ್ಕೆ ವಿಷಯ ಸಿಕ್ಕಿತು.

ಯಾಕಂದರೆ ಅಮ್ಮ ಬೈದದ್ದಲ್ಲ, ಅವರಿಗೆ ಗೊತ್ತಿದ್ದ ಪದ ಹೇಳಿದ್ದು. ಬಣ್ಣದ ಹೊಳಪು ಕಡಿಮೆ ಇದೆ ಅನ್ನೋಕೆ ನಮ್ಮಲ್ಲಿ ಪದಗಳಿಗೇನೂ ಬರ ಇಲ್ಲ. ಮಂಕು, ಮಾಸಲು, ಪೇಲವ, ಕಳೆಗುಂದಿದ, ಬಿಳಿಚಿಕೊಂಡ, ಬಾಡಿದ. ಇವೆಲ್ಲ ದೂರು ಹೇಳುವ ಪದಗಳೇ ಅಲ್ವಾ? ಮಾಸಲು ಅಂದರೆ ಒಗೆಯಬೇಕು ಅಂತ, ಬಾಡಿದ್ದು ಅಂದರೆ ನೀರು ಹಾಕಬೇಕು ಅಂತ. ಮಂಕು ಹಸಿರು ಅಂದರೆ ಅರ್ಥವೇನೋ ಸರಿಯಾಗೇ ಬರುತ್ತೆ, ಆದರೆ ಮಂಕು ಬಡಿದ ಕೋಣೇಲಿ ಯಾರು ಮಲಗ್ತಾರೆ? ಹೊಗಳುವ ಪದಗಳೆಲ್ಲ ಇನ್ನೊಂದು ಕಡೆ ಸೇರಿಕೊಂಡಿವೆ: ಹಚ್ಚಹಸಿರು, ಕಡುಹಸಿರು, ಎಳೆಹಸಿರು, ತಿಳಿಹಸಿರು. ಹೊಳಪು ತಗ್ಗಿದ ಬಣ್ಣವೂ ಚೆಂದ ಅನ್ನುವ ರುಚಿ ನಮ್ಮ ಮನೆಗಳಿಗೆ ಈಚೆಗೆ ಬಂದಿದ್ದು. ರುಚಿ ಬಂದಿದೆ, ಅದರ ಜೊತೆಗೆ ಪದ ಬಂದಿಲ್ಲ.

ಇರುವ ಪದಗಳನ್ನೇ ಸರಿಯಾಗಿ ಬಳಸಿದರೆ ಬಹಳ ದೂರ ಹೋಗಬಹುದು ಅನ್ನೋದೂ ನಿಜ. ತಿಳಿ, ನಸು, ಎಳೆ ಈ ಮೂರನ್ನೂ ನಾವು ಸುಮ್ನೆ ಲೈಟ್ ಅನ್ನೋ ಅರ್ಥದಲ್ಲಿ ಬಳಸಿಬಿಡ್ತೀವಿ. ನನ್ನ ಕಿವಿಗೆ ಮೂರೂ ಬೇರೆ. ತಿಳಿಸಾರು, ತಿಳಿನೀರು ಅಂದ ಹಾಗೆ ತಿಳಿಹಸಿರಿನಲ್ಲಿ ಬಿಳಿ ಜಾಸ್ತಿ, ಗಟ್ಟಿ ಕಡಿಮೆ. ಎಳೆಹಸಿರು ಚಿಗುರಿನದ್ದು, ಅದರೊಳಗೆ ಹಳದಿ ಇದ್ದೇ ಇರುತ್ತೆ. ನಾಟಿ ಮಾಡಿದ ಹೊಸದರಲ್ಲಿ ಗದ್ದೆ ನೋಡಿ, ಬಿಳಿಯಲ್ಲ, ಹಳದಿ. ನಸು ಅಂದರೆ ಇದೆಯೋ ಇಲ್ಲವೋ ಅನ್ನುವಷ್ಟು. ನಸುಹಸಿರು ಅಂದರೆ ಬಿಳಿ ಗೋಡೆಗೇ ಒಂಚೂರು ಹಸಿರು ತಾಗಿದ್ದು. ಪೇಂಟರ್‌ಗಳು ಬಿಳಿ ಬಣ್ಣಕ್ಕೆ ಸ್ಟೈನರ್ ಶೀಶೆಯಿಂದ ನಾಲ್ಕು ಹನಿ ಬಿಟ್ಟು ಕಲಸುವುದಿದೆಯಲ್ಲ, ಅದು. ಈ ಮೂರರಲ್ಲಿ ಬಿಳಿಗೊಂದು, ಹಳದಿಗೊಂದು ಸಿಕ್ಕಿತು. ಬೂದು ಬೆರೆತದ್ದಕ್ಕೆ ಮಾತ್ರ ಇಲ್ಲ.

ಇಂಗ್ಲಿಷಿನಿಂದ ಎತ್ತಿ ಹಾಕಿದವರ ಪಾಡೇನಾಗಿದೆ ಅಂತಲೂ ಗೊತ್ತಲ್ಲ. ಸೇಜ್ ಅನ್ನೋದನ್ನು ಯಂತ್ರಕ್ಕೆ ಕೊಟ್ಟರೆ ಋಷಿ ಹಸಿರು ಅಂತ ಬರುತ್ತೆ, ಲೈಮ್ ಅಂದರೆ ಸುಣ್ಣದ ಹಸಿರು. ಸುಣ್ಣದಲ್ಲಿ ಹಸಿರು ಎಲ್ಲಿಂದ ಬಂತು ಮಾರಾಯ್ರೆ, ಅದು ನಿಂಬೆ ಜಾತಿಯ ಕಾಯಿ. ಸೇಜ್ ಕೂಡ ಸನ್ಯಾಸಿಯಲ್ಲ, ಒಂದು ಗಿಡ. ತುಳಸಿ, ಪುದೀನ, ದೊಡ್ಡಪತ್ರೆ ಇವೆಲ್ಲ ಇರುವ ಕುಟುಂಬದ್ದೇ. ಎಲೆಯ ಮೇಲೆ ಸಣ್ಣ ಸಣ್ಣ ರೋಮ ಇರೋದರಿಂದ ಹಸಿರಿನ ಮೇಲೆ ಬೂದಿ ಉದುರಿದ ಹಾಗೆ ಕಾಣುತ್ತೆ. ಆ ಗಿಡ ನಮ್ಮ ಹಿತ್ತಿಲಲ್ಲಿಲ್ಲ, ಅದರ ದಾಯಾದಿ ದೊಡ್ಡಪತ್ರೆ ಇದೆ. ಅದರ ದಪ್ಪ ಎಲೆ ಕಿತ್ತು ಬೆರಳಲ್ಲಿ ಸವರಿದರೆ ರೋಮ ಗೊತ್ತಾಗುತ್ತೆ. ಬಣ್ಣವೂ ಅಷ್ಟೇ, ಪಕ್ಕದ ತುಳಸಿಯ ಹಾಗೆ ಕಡು ಅಲ್ಲ, ಒಂದು ಪದರ ಹಿಂದೆ ಸರಿದ ಹಸಿರು. ಹಾಗಾಗಿ ನನ್ನ ಮೊದಲ ಸೂಚನೆ: ದೊಡ್ಡಪತ್ರೆ ಹಸಿರು. ಕೆಲವು ಕಡೆ ಇದನ್ನೇ ಸಾಂಬ್ರಾಣಿ ಸೊಪ್ಪು ಅಂತಾರೆ, ಆದರೆ ಸಾಂಬ್ರಾಣಿ ಹಸಿರು ಅಂದರೆ ಹೊಗೆ ನೆನಪಾಗುತ್ತೆ, ಬೇಡ.

ಎರಡನೇದು ಅಮ್ಮನದ್ದು. ಸ್ಯಾಂಪಲ್ ಅಂತ ಗೋಡೆಯ ಮೇಲೆ ಒಂದು ಮೊಳದಷ್ಟು ಹೊಡೆದು ಒಣಗಿದ ಮೇಲೆ ಮತ್ತೆ ಬಂದು ನೋಡಿ, "ಒಂದೆಲಗದ ತಂಬುಳಿ ಗೋಡೆಗೆ ಚೆಲ್ಲಿದ ಹಾಗಿದೆ" ಅಂದರು. ಹೊಗಳಿದ್ದೋ ತೆಗಳಿದ್ದೋ ಕೇಳೋ ಧೈರ್ಯ ನನಗಾಗಲಿಲ್ಲ. ಆದರೆ ಹೋಲಿಕೆ ಬರಾಬರಿ ಇದೆ. ಮಜ್ಜಿಗೆಯ ಬಿಳಿಗೆ ಅರೆದ ಎಲೆಯ ಹಸಿರು ಬೆರೆತು, ಎರಡೂ ಒಂದನ್ನೊಂದು ತಗ್ಗಿಸಿ ಬರುವ ಬಣ್ಣ. ತಂಬುಳಿ ಹಸಿರು ಅಂದರೆ ಸಾಗರ, ಹೊಸನಗರ, ಶಿರಸಿ ಕಡೆಯವರಿಗೆ ತಕ್ಷಣ ಕಣ್ಣಿಗೆ ಕಟ್ಟುತ್ತೆ, ಮಂಕು ಅನ್ನುವ ಕೊಂಕೂ ಇಲ್ಲ, ತಂಪು ಬೇರೆ. ಬಳ್ಳಾರಿಯವರಿಗೆ ಏನನ್ನಿಸುತ್ತೋ ನೀವೇ ಹೇಳಬೇಕು.

ಮೂರನೇದು ಮಂಜು ಹಸಿರು. ಬೆಳಗಿನ ಮಂಜಿನಲ್ಲಿ ಗುಡ್ಡ ಕಾಣುವ ಬಣ್ಣ. ಕೇಳೋಕೆ ಚೆನ್ನಾಗಿದೆ, ಜಾಸ್ತಿಯೇ ಚೆನ್ನಾಗಿದೆ. ಬಣ್ಣದಂಗಡಿಯಲ್ಲಿ ನಿಂತು ನಾಲ್ಕು ಲೀಟರ್ ಮಂಜು ಹಸಿರು ಕೊಡಿ ಅಂತ ಕೇಳೋಕೆ ನನಗಂತೂ ಬಾಯಿ ಬರಲ್ಲ.

ಎಲೆಯ ಹೆಸರು ಹಿಡಿದು ಹೊರಟರೆ ಇನ್ನೊಂದು ತೊಡಕಿದೆ. ಎಲೆಹಸಿರು ಅಂತ ಸಲೀಸಾಗಿ ಹೇಳ್ತೀವಿ. ಯಾವ ಎಲೆ? ವೀಳ್ಯದೆಲೆ ಅಂತ ಒಂದೇ ಎಲೆ ತಗೊಂಡರೂ ಅದರಲ್ಲಿ ಅಂಬಾಡಿ ಎಲೆ, ಕರಿ ಎಲೆ ಅಂತ ಬೇರೆ ಬೇರೆ ಇವೆ. ಕರಿ ಎಲೆ ಕಪ್ಪೇನೂ ಅಲ್ಲ, ಕಡು ಹಸಿರು. ಕರಿಬೇವಿನ ಎಲೆಯೂ ಕಪ್ಪಲ್ಲ. ಗೊಬ್ಬರ ಬಿದ್ದು ಪೈರು ಚೆನ್ನಾಗಿ ಬಂದರೆ ನಮ್ಮ ಕಡೆ "ಗದ್ದೆ ಕರ್ರಗೆ ಎದ್ದಿದೆ" ಅಂತಾರೆ, ಹಸಿರು ಅನ್ನೋ ಮಾತೇ ಬರಲ್ಲ, ಅದು ದೊಡ್ಡ ಹೊಗಳಿಕೆ. ಅಂದರೆ ನಮ್ಮ ಮಾತಿನಲ್ಲಿ ಹಸಿರು ಗಾಢವಾಗ್ತಾ ಹೋದರೆ ಒಂದು ಹಂತ ದಾಟಿದ ಮೇಲೆ ಕರಿಯ ಪಾಲಿಗೆ ಹೋಗಿಬಿಡುತ್ತೆ. ಮಂಚದ ಹಿಂದಿನ ಗೋಡೆಗೆ ಮಗಳು ಆರಿಸಿದ್ದು ಇದನ್ನೇ. ಇಂಗ್ಲಿಷಿನಲ್ಲಿ ಅದಕ್ಕೆ ಕಾಡಿನ ಹೆಸರು, ಬೇಟೆಗಾರನ ಹೆಸರು ಎಲ್ಲ ಇವೆ. ನಾನು ಕರಿಹಸಿರು ಅಂದೆ. ಪೇಂಟರ್ ಮರುಮಾತಿಲ್ಲದೆ ಸರಿಯಾದ ಡಬ್ಬ ತಂದರು. ಈ ಪದದ ಬಗ್ಗೆ ನನಗೆ ಅನುಮಾನ ಉಳಿದಿಲ್ಲ.

ಇದೇ ಎಳೆ ಹಿಡಿದು ಒಂದು ಪ್ರಶ್ನೆ. ಸೀರೆ ಅಂಗಡಿಯಲ್ಲಿ ರಾಮಾ ಗ್ರೀನ್ ಅನ್ನುವ ಬಣ್ಣ ಇದೆ, ನೀಲಿ ಕಡೆಗೆ ವಾಲಿದ ಹಸಿರು. ಸ್ತೋತ್ರಗಳಲ್ಲಿ ರಾಮನನ್ನು ದೂರ್ವಾದಲಶ್ಯಾಮ ಅಂತಾರೆ, ದೂರ್ವೆ ಅಂದರೆ ಗರಿಕೆ. ಶ್ಯಾಮ ಅನ್ನೋ ಪದವೂ ಕಪ್ಪು, ನೀಲಿ, ಹಸಿರು ಎಲ್ಲದರ ಮೇಲೂ ಓಡಾಡುತ್ತೆ. ರಾಮಾ ಗ್ರೀನ್‌ಗೆ ಹೆಸರು ಬಂದಿದ್ದು ಇಲ್ಲಿಂದಲೋ, ಕ್ಯಾಲೆಂಡರಿನ ರಾಮನಿಂದಲೋ? ಜವಳಿ ವ್ಯಾಪಾರದವರು ಯಾರಾದರೂ ಗುಂಪಿನಲ್ಲಿದ್ದರೆ ಹೇಳಿ.

ಸೀರೆ ಅಂಗಡಿಯೇ ಈ ವಿಷಯದಲ್ಲಿ ನಮ್ಮ ನಿಜವಾದ ನಿಘಂಟು ಅನ್ನಿಸುತ್ತೆ. ಗಿಳಿಹಸಿರು, ಪಿಸ್ತಾ, ಬಾಟಲ್ ಗ್ರೀನ್, ಸೀ ಗ್ರೀನ್, ಮೆಹಂದಿ ಅಂದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಯಾವ ಅಂಗಡಿಯ ಹುಡುಗನೂ ಮತ್ತೆ ಕೇಳಲ್ಲ. ಮೆಹಂದಿಯದ್ದೇ ಒಂದು ತಮಾಷೆ. ಮೆಹಂದಿ ಕಲರ್ ಅಂದರೆ ಹಳದಿ ಮಿಶ್ರಿತ ಗಾಢ ಹಸಿರು, ಅರೆದ ಸೊಪ್ಪಿನದ್ದು. ಅದೇ ಗಿಡವನ್ನು ಮದರಂಗಿ ಅಂತ ಕರೆದು ಮದರಂಗಿ ಬಣ್ಣ ಅಂದರೆ ಎಲ್ಲರಿಗೂ ಅಂಗೈಯ ಕೆಂಪು ನೆನಪಾಗುತ್ತೆ! ಪರದೆಗೆ ಬಟ್ಟೆ ತರೋಕೆ ಹೋದ ಮಗಳಿಗೆ ಅಮ್ಮ ಮದರಂಗಿ ಬಣ್ಣ ಅಂತ ಹೇಳಿ ಕಳಿಸಿದ್ದರೆ ಏನಾಗ್ತಿತ್ತೋ.

ನೀಲಿ ಕಡೆಗೆ ವಾಲಿದ ಹಸಿರಿಗೆ ತೋಟದವರ ಬಾಯಲ್ಲಿ ಇನ್ನೊಂದು ಹೆಸರಿದೆ: ತುತ್ತದ ಬಣ್ಣ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ ಹಾಕ್ತೀವಲ್ಲ, ಆ ಹರಳಿನ ಕಡು ನೀಲಿ ಸುಣ್ಣಕ್ಕೆ ಬಿದ್ದ ಕೂಡಲೇ ಹಾಲು ಬೆರೆತ ತಿಳಿನೀಲಿ ಆಗುತ್ತೆ. ಔಷಧಿ ಹೊಡೆದವರ ಅಂಗಿ, ಡ್ರಮ್ಮಿನ ಅಂಚು, ಹೀಚಿನ ಗೊನೆ ಎಲ್ಲ ಅದೇ ಬಣ್ಣ. ಒಬ್ಬರಿಗೆ ನೀಲಿ, ಒಬ್ಬರಿಗೆ ಹಸಿರು. ಸಂಸ್ಕೃತದಲ್ಲಿ ಇದು ಮಯೂರತುತ್ಥ, ತಮಿಳಿನಲ್ಲೂ ಮಯಿಲ್ ತುತ್ತಂ, ಅಂದರೆ ನಮ್ಮ ಮೈಲು ಕೂಡ ನವಿಲೇ. ಪರದೆ ಬಟ್ಟೆಗೆ ಈ ಹೆಸರು ಒಪ್ಪುತ್ತೆ, ಆದರೆ ಮದ್ದಿನ ವಾಸನೆ ಮೂಗಿಗೆ ಬಂದ ಹಾಗಾಗುತ್ತೆ ಅಂತ ಮಗಳು ಬೇಡ ಅಂದಳು.

ಹಸಿರಿನ ಹೆಸರುಗಳೆಲ್ಲ ತೋಟ, ಗದ್ದೆ, ಸೀರೆಯಿಂದಲೇ ಯಾಕೆ ಬರ್ತವೆ, ಗೋಡೆಯಿಂದ ಯಾಕಿಲ್ಲ? ನಮ್ಮ ಹಳೇ ಮನೆಗಳ ಒಳಗೋಡೆಗೆ ಹಸಿರು ಬಳಿದದ್ದು ಕಡಿಮೆ. ಗೋಡೆಗೆ ಸುಣ್ಣ, ಶೇಡಿ ಅನ್ನೋ ಬಿಳಿ ಮಣ್ಣು, ಕೆಮ್ಮಣ್ಣು, ನೆಲಕ್ಕೆ ಕಾವಿ. ಮಲೆನಾಡಿನ ದೀವರ ಸಮುದಾಯದವರು ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರ ನೋಡಿ: ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ. ಸುತ್ತ ಇಷ್ಟು ಹಸಿರಿದ್ದೂ ಆ ಚಿತ್ತಾರಕ್ಕೆ ಹಸಿರಿಲ್ಲ. ಎಲೆಯ ರಸ ಗೋಡೆಯ ಮೇಲೆ ನಿಲ್ಲಲ್ಲ ಅನ್ನೋದೂ ಒಂದು ಕಾರಣ ಇರಬಹುದು.

ಯುರೋಪಿನಲ್ಲಿ ನಿಲ್ಲುವ ಹಸಿರು ಹುಡುಕಿದವರ ಕತೆ ಬೇರೆ. 1775ರಲ್ಲಿ ಶೀಲೆ ಅನ್ನುವ ಸ್ವೀಡನ್ನಿನ ರಸಾಯನ ವಿಜ್ಞಾನಿ ತಾಮ್ರ, ಆರ್ಸೆನಿಕ್ ಸೇರಿಸಿ ಒಂದು ಹಸಿರು ಮಾಡಿದ. ಮುಂದೆ 1814ರಲ್ಲಿ ಅದಕ್ಕಿಂತ ಹೊಳೆಯುವ ಇನ್ನೊಂದು ಬಂತು, ಅದಕ್ಕೆ ಪಚ್ಚೆಕಲ್ಲಿನ ಹೆಸರನ್ನೇ ಇಟ್ಟರು. ಮಲಗುವ ಕೋಣೆಗಳಿಗೆ ಈ ಬಣ್ಣದ ಗೋಡೆಕಾಗದ ಅಂಟಿಸಿದ್ದೇ ಅಂಟಿಸಿದ್ದು. ಗೋಡೆಗೆ ತೇವ ಬಂದು ಬೂಷ್ಟು ಹಿಡಿದರೆ ವಿಷದ ಗಾಳಿ ಹೊರಡುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. ಆಗುಂಬೆಯ ಮಳೆಗಾಲಕ್ಕೆ ಅಂಥ ಕಾಗದ ಬಂದಿದ್ದರೆ ಗತಿಯೇನು! ಈಗಿನ ಗೋಡೆ ಬಣ್ಣಗಳಲ್ಲಿ ಅದಿಲ್ಲ ಬಿಡಿ.

ತೇವದ ಮಾತು ಬಂದಿದ್ದಕ್ಕೆ ಹೇಳ್ತೀನಿ. ಕೆಲಸ ಶುರು ಮಾಡೋ ಮುಂಚೆ ಪೇಂಟರ್ ಗೋಡೆ ತಟ್ಟಿ, "ಗೋಡೆ ಇನ್ನೂ ಹಸಿ ಇದೆ ಸಾರ್, ಈಗ ಪುಟ್ಟಿ ಹಾಕಿದ್ರೆ ಹಪ್ಪಳ ಏಳ್ತದೆ" ಅಂದರು. ಹಸಿ ಆರದೆ ಹಸಿರು ಇಲ್ಲ. ಎರಡೂ ಒಂದೇ ಬೇರಿನವು ಅನ್ನೋದು ಅವರಿಗೆ ಬೇಕಿಲ್ಲ, ನಮಗೆ ಬೇಕು. ಹಳಗನ್ನಡದ ಪಸಿ, ಪಸುರ್ ಹಸಿ, ಹಸುರು ಆದವು. ಮೈಮೇಲಿನ ಹಚ್ಚೆಯೂ ಹಸಿರು ಗೆರೆಯಿಂದಲೇ, ತಮಿಳಿನಲ್ಲಿ ಇವತ್ತಿಗೂ ಅದು ಪಚ್ಚೈ. ಹಚ್ಚಹಸಿರು ಅಂದರೆ ಹಸಿರುಹಸಿರು ಅಂದ ಹಾಗೇ ಆಯ್ತು. ಆದರೆ ಪಚ್ಚೆ, ಪಾಚಿ ಇವೆರಡು ಮಾತ್ರ ಪಕಾರ ಬಿಡದೆ ಕೂತಿವೆ. ಪಕ್ಕದ ನುಡಿಗಳಿಂದ ವಾಪಸ್ ಬಂದವೋ? ತಿಳಿದವರು ವಿವರಿಸಿ. ಹಸಿರು, ಹಸುರು ಯಾವುದು ಸರಿ ಅಂತ ಮಾತ್ರ ದಯವಿಟ್ಟು ಮತ್ತೆ ಶುರು ಮಾಡಬೇಡಿ, ಎರಡೂ ಸರಿ.

ಇನ್ನೊಂದು ವಿಷಯ ಗಮನಕ್ಕಿರಲಿ. ಅಂಗಡಿಯಲ್ಲಿ ಕೊಟ್ಟ ಹೆಸರು ಮನೆಯಲ್ಲಿ ನಿಲ್ಲಲ್ಲ. ನಮ್ಮ ಕಿಟಕಿಯಿಂದ ಬರುವ ಬೆಳಕು ಅಡಿಕೆ ಸೋಗೆಯ ಮೂಲಕ ಸೋಸಿ ಬರೋದು, ಅರ್ಧ ಹಸಿರು ಅದರಲ್ಲೇ ಇರುತ್ತೆ. ಹಾಗಾಗಿ ಅದೇ ಸ್ಯಾಂಪಲ್ ಹಗಲು ತಂಬುಳಿ, ರಾತ್ರಿ ಎಲ್‌ಇಡಿ ಬಲ್ಬಿನ ಕೆಳಗೆ ಬರೀ ಬೂದು. ಹೆಸರಿಡುವವರು ಯಾವ ಬೆಳಕಿನಲ್ಲಿ ನೋಡಿ ಇಡಬೇಕು ಅನ್ನೋದಕ್ಕೂ ಒಂದು ಒಪ್ಪಂದ ಬೇಕೇನೋ. ನನ್ನ ಮಟ್ಟಿಗೆ ಹಗಲು.

ನನಗೆ ಬೇಕಾಗಿರೋದು ಇಷ್ಟು. ಹೊಳಪು ತಗ್ಗಿಸಿದ, ಆದರೆ ಚೆನ್ನಾಗಿದೆ ಅನ್ನಿಸುವ ಬಣ್ಣಕ್ಕೆ ನಿಮ್ಮ ಊರಲ್ಲಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ ಪದ ಇದ್ದರೆ ಕಳಿಸಿ. ಕೂತಲ್ಲೇ ಕಟ್ಟಿದ ಪದಕ್ಕಿಂತ ಕೇಳಿದ ಪದ ಇರಲಿ. ನೇಕಾರರ ಊರಿನವರು, ಬಣ್ಣ ಅದ್ದುವ ಕೆಲಸ ಗೊತ್ತಿರುವವರು ಉತ್ತರಿಸಿದರೆ ಇನ್ನೂ ಒಳ್ಳೇದು, ಅವರಲ್ಲಿ ಖಂಡಿತ ಇದ್ದೀತು. ಉಳಿದ ಬಣ್ಣದ ಡಬ್ಬಗಳನ್ನು ಮುಂದೆ ಬೇಕಾಗುತ್ತೆ ಅಂತ ಅಟ್ಟದ ಮೇಲೆ ಇಡ್ತೀವಿ, ಮುಚ್ಚಳದ ಮೇಲೆ ಹೆಸರು ಬರೆಯಬೇಕು. ಕರಿಹಸಿರು ಅಂತ ಒಂದರ ಮೇಲೆ ಬರೆದಾಯ್ತು. ಇನ್ನೊಂದರ ಮೇಲೆ ಸದ್ಯಕ್ಕೆ ಪೇಂಟರ್ ಗೀಚಿದ ನಂಬರ್ ಮಾತ್ರ ಇದೆ.